ಹಗೇವಿಗೆ ಇಳಿದವರು ಯಾರು?

ಧಾನ್ಯ ಮನುಷ್ಯನ್ನ ಕೊಲ್ಲತದ ಅಂದ್ರ ನಮ್ಮ ಕಡೆ ಯಾರೂ ಲಗೂನ ನಂಬೂದಿಲ್ಲ. ಧಾನ್ಯ ಇಲ್ಲದ್ದಕ್ಕ ಸತ್ತವರ ಕತಿ ನಮಗ ಗೊತ್ತು. ಬರದ ಕತಿಗಳನ್ನ ಅಜ್ಜಿಯರ ಬಾಯಾಗ ಕೇಳಿ ಬೆಳದೇವಿ. ಆದರೆ ಧಾನ್ಯ ಹೆಚ್ಚಾಗಿ, ಆಳೆತ್ತರ ಮೀರಿ ರಾಶಿಯಾಗಿ, ಅದರ ಬುಡಕ್ಕೆ ಸಿಕ್ಕು ಸತ್ತವರೂ ಇದ್ದಾರೆ. ನಾವು ಮಕ್ಕಳಿಗೆ ಕಲಿಸುವ ಇತಿಹಾಸದ ಪುಸ್ತಕದಲ್ಲಿ ಅವರಿಗೆ ಒಂದು ಸಾಲಿನ ಜಾಗವೂ ಇಲ್ಲ.

2023ರ ಡಿಸೆಂಬರ್ 4, ಸೋಮವಾರ. ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಒಂದು ಗೋವಿನಜೋಳದ ಘಟಕ. ಸಂಜೆಯ ಹೊತ್ತು ದಾಸ್ತಾನಿನ ರಚನೆ ಕುಸಿದು ಬಿತ್ತು. ಚೀಲ ಚೀಲ ಗೋವಿನಜೋಳ ಕೆಳಗೆ ದುಡಿಯುತ್ತಿದ್ದವರ ಮೇಲೆ ಉರುಳಿತು. ರಾತ್ರಿಯೆಲ್ಲ ಕಾಳು ಬಗೆದರು, ಚೀಲ ಎಳೆದರು. ಕೆಲವರು ಜೀವಂತ ಹೊರಬಂದರು. ಏಳು ಜನ ಬರಲಿಲ್ಲ. ಏಳೂ ಮಂದಿ ಬಿಹಾರದಿಂದ ಕೂಲಿಗೆ ಬಂದವರು. ಮಂತ್ರಿಗಳು ಬಂದರು, ಪರಿಹಾರ ಘೋಷಣೆಯಾಯಿತು, ಕೇಸು ದಾಖಲಾಯಿತು. ಪೇಪರಿನವರು 'ದುರಂತ' ಅಂತ ಬರೆದರು. ದುರಂತ ಅಂದ್ರ ಏನು? ಮಳಿ ಬಂದಂಗ, ಸಿಡಿಲು ಬಡದಂಗ ತಾನಾಗೇ ಆಗೂದು ಅಂತ ಅರ್ಥ. ಈ ಅರ್ಥವನ್ನು ನಾವು ಒಪ್ಪುವುದಿಲ್ಲ. ಕಾಳಿನ ರಾಶಿ ಬೀಳುವುದಕ್ಕೆ ಕಾರಣ ಇರತದ. ಅದು ಬಿದ್ದಾಗ ಅದರ ಕೆಳಗೆ ಯಾರಿರತಾರ ಅನ್ನೂದಕ್ಕೂ ಕಾರಣ ಇರತದ. ಮೊದಲನೇದು ವಿಜ್ಞಾನ, ಎರಡನೇದು ಇತಿಹಾಸ. ಎರಡನ್ನೂ ಕೂಡಿಸಿ ನೋಡಬೇಕು ಅಂತ ಈ ಲೇಖನ.

ನಾವು ಇದನ್ನು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕೂತು ಬರೆಯುತ್ತಿದ್ದೇವೆ. ಬೆಂಗೇರಿ ಅಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು 1957ರಲ್ಲಿ ಇಲ್ಲಿ ಶುರುವಾದ ಖಾದಿ ಸಂಘ, ಅಲ್ಲಿ ಹೊಲಿಯುವ ರಾಷ್ಟ್ರಧ್ವಜ. ನಮಗೆ ಬೆಂಗೇರಿ ಅಂದ್ರ ಸಂತಿ. ಸಂತಿಯೊಳಗ ಜೋಳದ ಚೀಲದ ಮುಂದ ಕೂತ ಹೆಣ್ಣುಮಕ್ಕಳು, ಮೊರ, ಸೇರು, ಚಟಾಕು. ಇಲ್ಲಿಂದ ಅಮರಗೋಳದ ದೊಡ್ಡ ಮಾರುಕಟ್ಟೆ ಪ್ರಾಂಗಣ ದೂರ ಇಲ್ಲ. ಸುತ್ತಲ ಜಿಲ್ಲೆಗಳ ಕಾಳು ಹಮಾಲರ ಬೆನ್ನ ಮ್ಯಾಲೆ ಅಲ್ಲಿ ಏರಿ ಇಳೀತದ. ಕಾಳಿನ ತೂಕ ಎಷ್ಟು ಅಂತ ಪುಸ್ತಕ ಓದಿ ತಿಳಿಯುವ ಅಗತ್ಯ ಈ ಊರಿನ ದುಡಿಯುವವರಿಗೆ ಇಲ್ಲ.

1

ಧಾರವಾಡ, ಗದಗ, ವಿಜಯಪುರ, ಬಾಗಲಕೋಟೆ ಸೀಮೆಯ ಯಾವ ಹಳೆ ಊರಿಗೆ ಹೋದರೂ ಹಗೇವಿನ ಮಾತು ಬರುತ್ತದೆ. ಈಗಿನ ವಿದ್ಯಾರ್ಥಿಗಳು ಬಹಳ ಮಂದಿ ಅದನ್ನು ಕಂಡಿಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಗಟ್ಟಿ ನೆಲದಲ್ಲಿ ತೋಡಿದ ಗುಂಡನೆಯ ತೆಗ್ಗು ಅದು. ಬಾಯಿ ಸಣ್ಣದು, ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಹೋದ ಹಾಗೆ ಹೊಟ್ಟೆ ದೊಡ್ಡದು, ಕೊಡದ ಹಾಗೆ. ಒಳಗೆ ಬೆಂಕಿ ಹಾಕಿ ಗೋಡೆ ಒಣಗಿಸುತ್ತಿದ್ದರು. ತಳಕ್ಕೆ ಹೊಟ್ಟು, ಸುತ್ತಲೂ ಕಣಿಕೆ ಅಥವಾ ಹುಲ್ಲು, ನಡುವೆ ಜೋಳ. ಮೇಲೆ ಮತ್ತೆ ಹುಲ್ಲು, ಹಾಸುಗಲ್ಲು, ಮಣ್ಣು, ಸೆಗಣಿಯ ಸಾರಣೆ. ಹೀಗೆ ಮುಚ್ಚಿದ ಜೋಳ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಕಳ್ಳರ ಕಣ್ಣಿಗೂ ಬೀಳದು, ಬೆಂಕಿಗೂ ಸಿಗದು.

ಅದು ಉಳಿಯುತ್ತಿದ್ದದ್ದು ಹೇಗೆ? ಕಾಳು ಸತ್ತ ವಸ್ತು ಅಲ್ಲ, ಅದಕ್ಕೂ ಉಸಿರು ಇದೆ. ಮುಚ್ಚಿದ ಹಗೇವಿನಲ್ಲಿ ಕಾಳೂ, ಕಾಳಿನೊಳಗಿನ ನುಸಿಯೂ ಉಸಿರಾಡಿ ಉಸಿರಾಡಿ ಆಮ್ಲಜನಕ ತೀರುತ್ತದೆ. ಅದರ ಜಾಗದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ನುಸಿ ಸಾಯುತ್ತದೆ, ಕಾಳು ಉಳಿಯುತ್ತದೆ. ಔಷಧ ಇಲ್ಲದೆ, ಯಂತ್ರ ಇಲ್ಲದೆ ಧಾನ್ಯ ಕಾಯುವ ಈ ಉಪಾಯ ಕಂಡುಕೊಂಡದ್ದು ನೆಲ ಅಗೆದವರ, ಮಣ್ಣಿನ ಗುಣ ಅರಿತವರ ಕೈ. ಇದನ್ನು ನಾವು ಹೆಮ್ಮೆಯಿಂದಲೇ ಹೇಳುತ್ತೇವೆ.

ಆದರೆ ನುಸಿ ಸಾಯುವ ಗಾಳಿಯಲ್ಲಿ ಮನುಷ್ಯನೂ ಸಾಯುತ್ತಾನೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ. ಬಾಯಿ ತೆರೆದ ಮೇಲೂ ತಳದಲ್ಲೇ ಕೂತಿರತದ. ಕಣ್ಣಿಗೆ ಕಾಣೂದಿಲ್ಲ. ಅದಕ್ಕೇ ಹಗೇವು ತೆಗೆದ ಮೇಲೆ ಒಂದು ದಿನ ಹಾಗೇ ಬಿಡಬೇಕು, ದೀಪ ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಸಿ ನೋಡಬೇಕು, ದೀಪ ಆರಿದರೆ ಇಳಿಯಬಾರದು. ಈ ತಿಳಿವಳಿಕೆ ಊರೂರಲ್ಲಿ ಇತ್ತು. ದೀಪವನ್ನು ಕೂಡ ಪೂರಾ ನಂಬುವ ಹಾಗಿಲ್ಲ ಅಂತ ಇವತ್ತಿನ ವಿಜ್ಞಾನ ಹೇಳುತ್ತದೆ. ಆಗ ಇದ್ದದ್ದು ಅಷ್ಟೇ.

ಈಗ ನಮ್ಮ ಪ್ರಶ್ನೆ. ದೀಪ ಇಳಿಸುವಷ್ಟು ತಾಳ್ಮೆ ಯಾವಾಗ ಇರುತ್ತಿತ್ತು, ಯಾವಾಗ ಇರುತ್ತಿರಲಿಲ್ಲ? ಗೌಡನ ಮನೆಗೆ ವ್ಯಾಪಾರಿ ಬಂದು ಕೂತಿದ್ದಾನೆ. ಬಂಡಿ ಹೂಡಿ ನಿಂತಿದೆ. ರೇಟು ನಾಳೆ ಇಳಿಯಬಹುದು. ಆಗ ಒಂದು ದಿನ ಕಾಯುವವರು ಯಾರು? 'ಏ, ಇಳಿಯೋ' ಅಂದರೆ ಇಳಿಯುವವನು ಯಾರು? ಹಗೇವಿನ ಮಾಲೀಕ ಇಳೀತಿರಲಿಲ್ಲ, ಅವನ ಮಗ ಇಳೀತಿರಲಿಲ್ಲ. ಜೀತದಾಳು ಇಳೀತಿದ್ದ. ಕೇರಿಯವ ಇಳೀತಿದ್ದ. ಊರ ಬಾವಿ ಮುಟ್ಟಬಾರದ, ಮನೆ ಹೊಸ್ತಿಲು ದಾಟಬಾರದ ಮನುಷ್ಯ ಅದೇ ಮನೆಯವರು ತಿನ್ನುವ ಜೋಳದ ನಡುವೆ ಮೊಣಕಾಲು ಊರಿ ಬುಟ್ಟಿ ತುಂಬಬೇಕು. ಮೈಲಿಗೆ ಅನ್ನೂದು ಆಗ ಎಲ್ಲಿ ಹೋಗತಿತ್ತು? ಜೀವಕ್ಕ ಅಪಾಯ ಇದ್ದಲ್ಲಿ ಜಾತಿ ಶಾಸ್ತ್ರ ತಾನಾಗೇ ಸಡಿಲ ಆಗತಿತ್ತು ನೋಡ್ರಿ.

ಒಳಗೆ ತಲೆ ತಿರುಗಿ ಬಿದ್ದವನನ್ನು ಎತ್ತಲು ಅವನ ತಮ್ಮ ಇಳಿಯುತ್ತಾನೆ. ಅವನೂ ಬೀಳುತ್ತಾನೆ. ಮುಚ್ಚಿದ ತೆಗ್ಗುಗಳ ಸಾವು ಜಗತ್ತಿನ ಎಲ್ಲ ಕಡೆ ಹೀಗೇ, ಒಬ್ಬರ ಹಿಂದೆ ಒಬ್ಬರು. ಮೇಲಿದ್ದವರು 'ದೆವ್ವ ಬಡೀತು', 'ಅವನ ಹಣೇಬರಹ' ಅಂದು ಸುಮ್ಮನಾದರೆ ಅಲ್ಲಿಗೆ ವಿಚಾರಣೆ ಮುಗೀತು. ಹಣೇಬರಹದ ಮ್ಯಾಲೆ ಕೇಸು ಹಾಕಾಕ ಬರೂದಿಲ್ಲ. ಇನ್ನೊಂದು ಮಾತು. ಹಗೇವಿನ ಅಂಚಿನಲ್ಲಿ, ತಳದಲ್ಲಿ ನೀರು ಹಿಡಿದು ಕಪ್ಪಾದ ಮುಗ್ಗಲು ಜೋಳ ಇರುತ್ತದಲ್ಲ, ಅದು ಯಾರ ಉಡಿಗೆ ಬೀಳುತ್ತಿತ್ತು ಅಂತ ನಿಮ್ಮ ನಿಮ್ಮ ಕೇರಿಯ ಹಿರಿಯರನ್ನು ಕೇಳ್ರಿ.

2

ಧಾನ್ಯ ಕೂಡಿಡುವವರು ಬರದ ಹೆಸರು ಹೇಳುತ್ತಾರೆ. ಬರ ಬಂದಾಗ ಏನಾಯಿತು ಅಂತ ನೋಡೋಣ.

1770ರ ಬಂಗಾಳದ ಬರದಲ್ಲಿ ಲಕ್ಷಗಟ್ಟಲೆ ಜನ ಸತ್ತ ಮೇಲೆ ಕಂಪನಿ ಸರಕಾರ ಬಿಹಾರದ ಪಾಟ್ನಾದಲ್ಲಿ ಒಂದು ಕಣಜ ಕಟ್ಟಿಸಿತು. ಕ್ಯಾಪ್ಟನ್ ಜಾನ್ ಗಾರ್ಸ್ಟಿನ್ ಅನ್ನುವವನು 1786ರಲ್ಲಿ ಮುಗಿಸಿದ ಆ ಗೋಲ್‌ಘರ್ ಇವತ್ತಿಗೂ ನಿಂತಿದೆ. ಜೇನುಗೂಡಿನ ಆಕಾರ, 29 ಮೀಟರ್ ಎತ್ತರ, ಬುಡದಲ್ಲಿ ಮೂರೂವರೆ ಮೀಟರಿಗೂ ದಪ್ಪ ಗೋಡೆ. ಹೊರಗಿನಿಂದ ಸುತ್ತಿ ಏರುವ ಮೆಟ್ಟಿಲುಗಳು, ಚೀಲ ಹೊತ್ತವರು ಒಂದು ಕಡೆ ಏರಿ ತುದಿಯ ತೂತಿನಲ್ಲಿ ಸುರಿದು ಇನ್ನೊಂದು ಕಡೆ ಇಳಿಯಲಿ ಅಂತ. ಅದು ಒಮ್ಮೆಯೂ ಪೂರ್ತಿ ತುಂಬಲಿಲ್ಲ. ಬಾಗಿಲು ಒಳಕ್ಕೆ ತೆರೆಯುವಂತೆ ಇಟ್ಟರು, ತುಂಬಿದರೆ ತೆರೆಯಲಾಗದು ಅಂತ ಜನ ಇವತ್ತಿಗೂ ಹೇಳಿ ನಗುತ್ತಾರೆ. ಗೋಡೆಯ ದಪ್ಪ ನೋಡಿ ಬೆರಗಾಗುವವರು ಆ ಮೆಟ್ಟಿಲು ಏರಬೇಕಾದ ಬೆನ್ನುಗಳನ್ನೂ ನೆನೆಯಬೇಕು.

ನಮ್ಮ ಕಡೆಗೆ ಬಂದರೆ 1876-78ರ ಬರ, ನಮ್ಮವರು ಧಾತು ಬರ ಅಂತ ಕರೆದದ್ದು. ಧಾರವಾಡ ಆಗ ಮುಂಬೈ ಪ್ರಾಂತದಲ್ಲಿತ್ತು. ಸರಕಾರ ಬರಗಾಮಗಾರಿ ತೆಗೆಯಿತು. ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ರಾತಲು ಧಾನ್ಯ, ಜೊತೆಗೆ ಒಂದಾಣೆ ಸಾಕು ಅಂತ ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಲೆಕ್ಕ ಹಾಕಿದ. ಒಂದು ರಾತಲು ಅಂದ್ರ ಅರ್ಧ ಕಿಲೋಕ್ಕೂ ಕಡಿಮೆ. ಅದೇ ವರ್ಷಗಳಲ್ಲಿ ಈ ದೇಶದ ಬಂದರುಗಳಿಂದ ಗೋಧಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಕಾಳು ಇರಲಿಲ್ಲ ಅನ್ನೂದು ಪೂರಾ ಸುಳ್ಳು. ಕಾಳು ಇತ್ತು, ಕೊಳ್ಳುವ ರೊಕ್ಕ ಇರಲಿಲ್ಲ. ತುಂಬಿದ ಹಗೇವಿನ ಬಾಯಿಯ ಕಲ್ಲು ಎತ್ತುವ ಹಕ್ಕು ಹಸಿದವನಿಗೆ ಇರಲಿಲ್ಲ.

ಬರದ ಮೇಲೆ ರೈಲು ಬಂತು. ಬರಗಾಲಕ್ಕೆ ಧಾನ್ಯ ಸಾಗಿಸಲು ಅಂತ ಹೇಳಿಯೇ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಆ ದಶಕದಲ್ಲೇ ಹುಬ್ಬಳ್ಳಿಗೆ ಹಳಿ ಮುಟ್ಟಿತು. ಕಾಳು ತರಬಲ್ಲ ಬಂಡಿ ಕಾಳು ಒಯ್ಯಲೂ ಬಲ್ಲದು. ಊರೊಳಗೆ ವರ್ಷಗಟ್ಟಲೆ ಕೂತಿರುತ್ತಿದ್ದ ಜೋಳ ಈಗ ಪೇಟೆಯ ದರ ನೋಡಿ ಎದ್ದು ಹೋಗತೊಡಗಿತು. ಹೊಲಕ್ಕೆ ಹತ್ತಿ ಬಂತು. ಹಗೇವುಗಳು ಒಂದೊಂದೇ ಖಾಲಿಯಾದವು. ನೆಲದೊಳಗಿದ್ದ ಕಣಜ ನೆಲದ ಮೇಲಿನ ಗೋದಾಮಾಯಿತು. ಹಗೇವಿನ ಆಳು ಗೋದಾಮಿನ ಹಮಾಲನಾದ. ಕೂಲಿ ಕಾಳಿನಿಂದ ರೊಕ್ಕಕ್ಕೆ ತಿರುಗಿತು. ಹೊರೆ ಮಾತ್ರ ಅದೇ ಬೆನ್ನಿನ ಮೇಲೆ ಉಳಿಯಿತು.

3

ಸ್ವಾತಂತ್ರ್ಯ ಬಂದ ಮೇಲೆ 1957ರಲ್ಲಿ ಉಗ್ರಾಣ ನಿಗಮಗಳು, 1965ರಲ್ಲಿ ಭಾರತ ಆಹಾರ ನಿಗಮ. ಹಸಿರು ಕ್ರಾಂತಿಯ ನಂತರ ರಾಶಿಗಳು ಬೆಳೆದವು. ನಮ್ಮ ಬಯಲು ಸೀಮೆಯಲ್ಲಿ ಬಿಳಿಜೋಳದ ಹೊಲಗಳಿಗೆ ಗೋವಿನಜೋಳ ನುಗ್ಗಿತು. ಅದು ಕೋಳಿ ಆಹಾರಕ್ಕೆ, ಗಂಜಿ ಕಾರ್ಖಾನೆಗೆ, ಈಚೆಗೆ ಎಥನಾಲಿಗೆ. ಉಣ್ಣುವ ಕಾಳು ಕಚ್ಚಾ ಮಾಲಾಯಿತು. ಅದನ್ನು ಹಿಡಿದಿಡಲು ಉಕ್ಕಿನ, ಕಾಂಕ್ರೀಟಿನ ದೊಡ್ಡ ಕಣಜಗಳು ಎದ್ದವು. ಸೈಲೋ ಅನ್ನುತ್ತಾರೆ. ಇವು ಬೀಳುವುದು ಯಾಕೆ ಅಂತ ದುಡಿಯುವವರು ತಿಳಿದಿರಬೇಕು. ಅದಕ್ಕೆ ಇಂಜಿನಿಯರ್ ಆಗುವ ಅಗತ್ಯವಿಲ್ಲ.

ಶಿಕ್ಷಕ ಗೆಳೆಯರು ತರಗತಿಯಲ್ಲಿ ಒಂದು ಪ್ರಯೋಗ ಮಾಡಿ ತೋರಿಸಬಹುದು. ದಪ್ಪ ರಟ್ಟಿನ ಉದ್ದನೆಯ ಕೊಳವೆ ತಗೊಳ್ರಿ. ಒಂದು ಬಾಯಿಗೆ ತೆಳು ಕಾಗದ ಬಿಗಿದು ದಾರ ಕಟ್ಟಿರಿ. ಒಣ ಉಸುಕು ತುಂಬಿ ಮೇಲಿನಿಂದ ಕೋಲು ಇಟ್ಟು ಒತ್ತಿರಿ. ಕಾಗದ ಹರಿಯುವುದಿಲ್ಲ. ಒತ್ತಿದ ಬಲ ಎಲ್ಲಿ ಹೋಯಿತು? ಗೋಡೆಗೆ ಹೋಯಿತು. ನೀರಾದರೆ ಆಳ ಹೆಚ್ಚಿದಷ್ಟೂ ತಳದ ಒತ್ತಡ ಏರುತ್ತಲೇ ಹೋಗುತ್ತದೆ. ಕಾಳು ಹಾಗಲ್ಲ. ಕಾಳಿಗೆ ಕಾಳು ಉಜ್ಜಿ, ಗೋಡೆಗೆ ಉಜ್ಜಿ, ತನ್ನ ಭಾರದ ದೊಡ್ಡ ಪಾಲನ್ನು ಗೋಡೆಯ ಮೇಲೆ ನೇತುಹಾಕುತ್ತದೆ. ಜರ್ಮನಿಯ ಇಂಜಿನಿಯರ್ ಜಾನ್ಸೆನ್ 1895ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ. ಅಂದರೆ ಕಣಜದ ಗೋಡೆ ಎರಡು ಕೆಲಸ ಮಾಡುತ್ತಿರುತ್ತದೆ. ಹೊರಕ್ಕೆ ನೂಕುವ ಕಾಳನ್ನು ತಡೆಯಬೇಕು, ಕೆಳಕ್ಕೆ ಎಳೆಯುವ ಭಾರವನ್ನೂ ಹೊರಬೇಕು.

ಭಾರ ಎಷ್ಟು? ಗೋವಿನಜೋಳ ಒಂದು ಘನ ಮೀಟರಿಗೆ ಸುಮಾರು 750 ಕಿಲೋ. ಹತ್ತು ಮೀಟರ್ ಅಗಲ, ಹದಿನೈದು ಮೀಟರ್ ಎತ್ತರದ ಒಂದು ಸಾಧಾರಣ ಕಣಜ ತುಂಬಿದರೆ 880 ಟನ್ನಿನಷ್ಟು. ಹತ್ತು ಟನ್ನಿನ ಲಾರಿ ಹಿಡಿದರೆ 88 ಲಾರಿ. ಇಷ್ಟು ಭಾರ ಹೊತ್ತು ನಿಂತಿರೂದು ಕೆಲವೇ ಮಿಲಿಮೀಟರ್ ದಪ್ಪದ ತಗಡು, ನಟ್ಟು, ಬೋಲ್ಟು. ಒಂದು ಬದಿಯ ಬಾಗಿಲಿನಿಂದಷ್ಟೇ ಕಾಳು ಇಳಿಸಿದರೆ ಆ ಬದಿಯ ಗೋಡೆಯ ಒತ್ತಡ ಇಳಿದು ಉಳಿದ ಬದಿಯಲ್ಲಿ ಏರುತ್ತದೆ, ತಗಡು ಡೊಂಕಾಗಿ ಮಡಚುತ್ತದೆ. ಹಸಿ ಕಾಳು ತುಂಬಿದರೆ ಅದು ಒಳಗೇ ಉಬ್ಬುತ್ತದೆ, ಗಟ್ಟಿಯಾಗಿ ಕಮಾನು ಕಟ್ಟುತ್ತದೆ. ಕೆಳಗೆ ಟೊಳ್ಳು, ಮೇಲೆ ಹೆಪ್ಪು. ಆ ಹೆಪ್ಪು ಒಮ್ಮೆಲೇ ಕುಸಿದರೆ ಗೋಡೆಗೆ ಸುತ್ತಿಗೆಯ ಪೆಟ್ಟು ಬಿದ್ದ ಹಾಗೆ. ತುಕ್ಕು ಹಿಡಿದ ಬೋಲ್ಟು, ತೂಕದ ಲೆಕ್ಕವಿಲ್ಲದೆ ಎಬ್ಬಿಸಿದ ಅಟ್ಟ, ಮಿತಿ ಮೀರಿ ತುಂಬಿದ ದಾಸ್ತಾನು, ಇವೆಲ್ಲ ಕೂಡಿ ಕಾಯುತ್ತಿರುತ್ತವೆ.

ನೆಲವೂ ಕೈ ಕೊಡುತ್ತದೆ. ಕೆನಡಾದ ವಿನಿಪೆಗ್ ಹತ್ತಿರ ಟ್ರಾನ್ಸ್‌ಕೋನಾದಲ್ಲಿ 1913ರಲ್ಲಿ 65 ಕೊಳವೆಗಳ ಕಾಂಕ್ರೀಟು ಕಣಜ ಕಟ್ಟಿದರು. ಮೊದಲ ಸಲ ತುಂಬುವಾಗಲೇ, ಅಕ್ಟೋಬರ್‌ನಲ್ಲಿ, ಅದು ಒಂದು ದಿನದೊಳಗೆ 27 ಡಿಗ್ರಿಯಷ್ಟು ವಾಲಿತು. ಗೋಡೆ ಒಡೆಯಲಿಲ್ಲ. ಕೆಳಗಿನ ಮೆತ್ತನೆಯ ಜೇಡಿ ಹೊರಳಿತು. ಆಳದ ಮಣ್ಣನ್ನು ಪರೀಕ್ಷಿಸದೆ ಕಟ್ಟಿದ್ದರು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಎರೆ ನೆಲದವರಾದ ನಮಗೆ ಇದು ದೂರದ ಕತೆ ಅಲ್ಲ.

ಕಣಜ ಬೀಳದೆಯೂ ಕೊಲ್ಲುತ್ತದೆ. ಕಾಳಿನ ಮೇಲೆ ನಿಂತವನ ಕಾಲಡಿಯಿಂದ ಕಾಳು ಹರಿಯತೊಡಗಿದರೆ ಅರೆ ನಿಮಿಷದೊಳಗೆ ಅವನು ಮುಳುಗಬಹುದು. ಸೊಂಟದ ತನಕ ಹೂತವನನ್ನು ಇಬ್ಬರು ಮೂವರು ಎಳೆದರೂ ಬರುವುದಿಲ್ಲ. ಈಜಾಕ ಬರೂದಿಲ್ಲ, ಹತ್ತಾಕ ಬರೂದಿಲ್ಲ. ಕಾಳಿನ ದೂಳೂ ಕಿಡಿ ತಾಗಿದರೆ ಮದ್ದಿನ ಹಾಗೆ ಸಿಡಿಯುತ್ತದೆ. ಫ್ರಾನ್ಸಿನ ಬ್ಲೇ ಊರಿನಲ್ಲಿ 1997ರ ಆಗಸ್ಟ್‌ನಲ್ಲಿ ಹೀಗೆ ಸಿಡಿದು 11 ಜನ ಸತ್ತರು.

4

ಹಳೆಯ ಹಗೇವುಗಳು ಎಲ್ಲಿ ಹೋದವು? ಎಲ್ಲೂ ಹೋಗಿಲ್ಲ. ನಮ್ಮ ಕಾಲ ಬುಡದಲ್ಲೇ ಇವೆ.

ಗದಗ ಜಿಲ್ಲೆಯ ನರಗುಂದದಲ್ಲಿ 2019ರ ಮಳೆಗಾಲದಿಂದೀಚೆಗೆ ಓಣಿಗಳಲ್ಲಿ, ಮನೆಗಳ ಒಳಗೇ ನೆಲ ಒಮ್ಮೆಲೇ ಬಾಯ್ತೆರೆಯತೊಡಗಿತು. ಭೂವಿಜ್ಞಾನದವರು ಬಂದು ನೋಡಿದರು. ಮರೆತುಹೋದ ಹಳೆ ಹಗೇವುಗಳು, ಮೇಲೇರಿದ ಅಂತರ್ಜಲ, ಇವೇ ಕಾರಣ ಅಂತ ಹೇಳಿದರು. ಖಾಲಿ ಹೊಟ್ಟೆಯ ಹಗೇವಿನ ಮೇಲೆ ಮನೆ, ರಸ್ತೆ, ಗಟಾರ ಕಟ್ಟಿದ್ದೇವೆ. ಒಣಗಿದ್ದಷ್ಟು ದಿನ ಗೋಡೆ ನಿಂತಿತ್ತು. ನೀರು ಮುಟ್ಟಿದ ಕೂಡಲೇ ಮಣ್ಣು ಕಳಚಿತು.

ನರಗುಂದ ಯಾವ ಊರು? 1980ರ ಜುಲೈ 21ರಂದು ಮಲಪ್ರಭಾ ಕಾಲುವೆಯ ಕರದ ವಿರುದ್ಧ ರೈತರು ಎದ್ದ ಊರು, ಗುಂಡಿಗೆ ಎದೆ ಕೊಟ್ಟ ಊರು. ನೀರು ಬಾರದ ಹೊಲಕ್ಕೂ ಕರ ಕೇಳಿದ್ದಕ್ಕೆ ಆ ಹೋರಾಟ. ಆ ಬಂಡಾಯ ನಮ್ಮೆಲ್ಲರದು. ಆದರೆ ಹೊಲ ಇಲ್ಲದವನಿಗೆ ನೀರೂ ಇಲ್ಲ, ಕರವೂ ಇಲ್ಲ. ಅವನ ಪಾಲಿಗೆ ಉಳಿದದ್ದು ಅಜ್ಜಂದಿರು ತೋಡಿದ ತೆಗ್ಗಿನ ನೆನಪು. ತೋಡಿದವರ ಹೆಸರು ಯಾವ ಉತಾರದಲ್ಲೂ ಇಲ್ಲ. ಅವರ ಮಾತು ಕೇಳಿ ಬರೆದಿಟ್ಟಿದ್ದರೆ ಯಾವ ಓಣಿಯಲ್ಲಿ ಎಷ್ಟು ಹಗೇವು ಇವೆ ಅಂತ ಊರಿಗೆ ಗೊತ್ತಿರುತ್ತಿತ್ತು. ಕೆಲಸಗಾರರ ತಿಳಿವಳಿಕೆಯನ್ನು ಇತಿಹಾಸ ಅಂತ ಎಣಿಸದ ಸಮಾಜದ ನೆಲ ಹೀಗೆ ಕುಸಿಯುತ್ತದೆ.

5

ಕಾನೂನು ಇಲ್ಲ ಅಂತ ಅಲ್ಲ. ಬಾಬಾಸಾಹೇಬ ಅಂಬೇಡ್ಕರರು 1942ರಿಂದ 1946ರ ತನಕ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ ಕಾರ್ಖಾನೆ ದುಡಿಮೆಗೆ ವಾರಕ್ಕೆ 48 ತಾಸಿನ ಮಿತಿ ಹಾಕುವ ತಿದ್ದುಪಡಿಗೆ ದುಡಿದರು. 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಮು ವಿಷಗಾಳಿಯ ಅಪಾಯವಿರುವ ತೆಗ್ಗು, ತೊಟ್ಟಿ, ಕೋಣೆಗಳ ಬಗ್ಗೆ ಸ್ಪಷ್ಟವಾಗಿತ್ತು. ಒಳಗಿನ ಗಾಳಿ ಸುರಕ್ಷಿತ ಅಂತ ತಿಳಿದವರ ಲಿಖಿತ ಪ್ರಮಾಣ ಇರಬೇಕು. ಇಲ್ಲವೇ ಉಸಿರಾಟದ ಸಲಕರಣೆ ಹಾಕಿ, ನಡುಪಟ್ಟಿಗೆ ಹಗ್ಗ ಕಟ್ಟಿ, ಆ ಹಗ್ಗದ ತುದಿ ಹಿಡಿದು ಹೊರಗೆ ಒಬ್ಬ ನಿಲ್ಲಬೇಕು. 2020ರಲ್ಲಿ ಇದನ್ನೆಲ್ಲ ಮಡಚಿ ಹೊಸ ಸಂಹಿತೆ ಮಾಡಿದ್ದಾರೆ. ಹೆಸರು ಯಾವುದೇ ಇರಲಿ, ಆ ಹಗ್ಗ ಹಿಡಿಯೋ ಮನುಷ್ಯ ಎಲ್ಲಿ ಅಂತ ನಾವು ಕೇಳಬೇಕು. ಮ್ಯಾನ್‌ಹೋಲಿನ ಬಾಯಲ್ಲಿ ಅವನಿಲ್ಲ. ಕಣಜದ ಬಾಯಲ್ಲೂ ಅವನಿಲ್ಲ. 2013ರ ಕಾಯ್ದೆ ಮಲಗುಂಡಿಗೆ ಮನುಷ್ಯನನ್ನು ಇಳಿಸುವುದು ಅಪರಾಧ ಅಂದ ಮೇಲೂ ಇಳಿಸುತ್ತಿದ್ದಾರೆ, ಸಾಯುತ್ತಿದ್ದಾರೆ. ಹಗೇವಿಗೆ ಇಳಿದವನೂ ಗಟಾರಕ್ಕೆ ಇಳಿದವನೂ ಒಂದೇ ಕೇರಿಯವರು. ಈಗ ಆ ಕೇರಿ ದೊಡ್ಡದಾಗಿದೆ. ರೈಲು ಹತ್ತಿ ಬಿಹಾರದಿಂದ ಬಂದವನೂ ಅದರೊಳಗೆ ಸೇರಿದ್ದಾನೆ. ಗೋಲ್‌ಘರ್ ಇರುವ ನಾಡಿನಿಂದ ಹೊಟ್ಟೆಪಾಡಿಗೆ ಬಂದ ಏಳು ಜನ ನಮ್ಮ ಗೋವಿನಜೋಳದ ಅಡಿಯಲ್ಲಿ ಸತ್ತರು. ಅವರ ಭಾಷೆ ನಮಗೆ ಬಾರದು, ನಮ್ಮ ಭಾಷೆ ಅವರಿಗೆ ಬಾರದು. 'ಮೇಲೆ ನೋಡು, ಬಾಗ್ಯದ' ಅಂತ ಎಚ್ಚರಿಸಲಿಕ್ಕೂ ಒಂದು ಸಮಾನ ಮಾತು ಬೇಕಲ್ಲ. ಮಾಲೀಕರಿಗೆ ದೂರದ ಆಳು ಬೇಕಾಗುವುದಕ್ಕೆ ಇದೂ ಒಂದು ಕಾರಣ.

ಸಂಗಾತಿಗಳೇ, ಕಣ್ಣೀರಿನಿಂದ ಏನೂ ಆಗೂದಿಲ್ಲ, ಕೆಲಸ ಇದೆ. ನಿಮ್ಮೂರಿನ ಗೋದಾಮು, ಮಿಲ್ಲು, ಕಣಜಗಳಲ್ಲಿ ಯಾರು ದುಡಿಯುತ್ತಾರೆ, ಎಲ್ಲಿಂದ ಬಂದವರು, ಅವರ ಹೆಸರು ಹಾಜರಿ ಪುಸ್ತಕದಲ್ಲಿ ಇದೆಯೋ ಇಲ್ಲವೋ ಅಂತ ಬರೆದುಕೊಳ್ಳಿರಿ. ತಗಡು ಉಬ್ಬಿದ್ದು, ಕಂಬ ವಾಲಿದ್ದು, ಬೋಲ್ಟು ಕಿತ್ತದ್ದು, ಗೋಡೆಯಿಂದ ಕಾಳು ಸೋರುವುದು ಕಂಡರೆ ಅದರ ಕೆಳಗೆ ಒಬ್ಬರೂ ನಿಲ್ಲಬಾರದು ಅಂತ ಹಮಾಲರಿಗೆ ಅವರ ಭಾಷೆಯಲ್ಲೇ ಹೇಳಿರಿ. ಕಾಳು ಇಳಿಯುತ್ತಿರುವಾಗ ಕಣಜದೊಳಗೆ ಯಾರನ್ನೂ ಇಳಿಸಬಾರದು. ಬಿದ್ದವನ ಹಿಂದೆ ಹಗ್ಗವಿಲ್ಲದೆ ಇನ್ನೊಬ್ಬ ಹಾರಬಾರದು. ಹಳ್ಳಿಯ ಶಾಲೆಯ ಮಾಸ್ತರರು ಏಳನೇ ಎಂಟನೇ ಇಯತ್ತೆಯ ಮಕ್ಕಳನ್ನು ಕರೆದುಕೊಂಡು ಕೇರಿಗೆ ಹೋಗಿ ಹಿರಿಯರನ್ನು ಕೂಡ್ರಿಸಿ ಊರ ಹಗೇವುಗಳ ನಕ್ಷೆ ಬರೆಸಬೇಕು. ಯಾವ ಓಣಿ, ಯಾರ ಅಂಗಳ, ಎಷ್ಟು ಆಳ, ತೋಡಿದವರು ಯಾರು, ಇಳಿದವರು ಯಾರು, ಮೇಲೆ ಬಾರದವರು ಯಾರು. ಅದು ಊರನ್ನು ಕಾಯುವ ನಕ್ಷೆಯೂ ಹೌದು, ನಮ್ಮ ಇತಿಹಾಸದ ಮೊದಲ ಪುಟವೂ ಹೌದು.

ಬೆಂಗೇರಿಯಲ್ಲಿ ಹೆಣ್ಣುಮಕ್ಕಳು ಹೊಲಿದ ಧ್ವಜ ವರ್ಷಕ್ಕೆ ಎರಡು ಸಲ ಗೋದಾಮುಗಳ ಅಂಗಳದಲ್ಲೂ ಏರುತ್ತದೆ. ಆ ದಿನ ಅದರ ಹಗ್ಗ ಎಳೆಯಲು ಮಾಲೀಕರು ತಾವೇ ಮುಂದೆ ಬರುತ್ತಾರೆ. ಉಳಿದ ದಿನಗಳಲ್ಲಿ ಕಣಜದ ಬಾಯಲ್ಲಿ ನಿಂತು ಇನ್ನೊಂದು ಹಗ್ಗ ಹಿಡಿಯಲಿಕ್ಕೂ ಯಾರಾದರೂ ಬರಬೇಕು ಅಂತ ನಾವು ಕೇಳುತ್ತೇವೆ. ಅಲ್ಲೀತನಕ ಇಳಿಯೂದಿಲ್ಲ ಅನ್ನೋದನ್ನ ನಮ್ಮ ಹುಡುಗರು ಕಲೀಬೇಕು.